ಬೇಕಾದದ್ದರ ಪಟ್ಟಿ, ಬಾಸ್ ಬಿಟ್ಟುಹೋಗುವ ಲೂಟ್

ಅಮೆರಿಕದ ಬ್ಲಿಝಾರ್ಡ್ ಎಂಟರ್‌ಟೇನ್‌ಮೆಂಟ್ ಸಂಸ್ಥೆ 2004ರ ನವೆಂಬರ್ 23ರಂದು ಬಿಡುಗಡೆ ಮಾಡಿದ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್, ಸಾವಿರಾರು ಜನರು ಒಂದೇ ಕಲ್ಪಿತ ಲೋಕವನ್ನು ಹೊಕ್ಕು, ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸಿ ಆಡುವ ಆನ್‌ಲೈನ್ ಆಟಗಳ ಪೈಕಿ ಬಹಳ ಹೆಸರು ಮಾಡಿದ್ದು. ಅಜೆರಾತ್ ಎಂಬ ಆ ಲೋಕದಲ್ಲಿ ಯೋಧ, ಮಾಂತ್ರಿಕ, ಬೇಟೆಗಾರ, ಪುರೋಹಿತ ಮುಂತಾದ ಪಾತ್ರಗಳು ಮೊದಮೊದಲು ಹಂತದಿಂದ ಹಂತಕ್ಕೆ ಏರುತ್ತ ಬಲಗೊಳ್ಳುತ್ತವೆ. ಕೊನೆಯ ಹಂತ ಮುಟ್ಟಿದ ಮೇಲೆ ಪಾತ್ರದ ಬಲ ಹೆಚ್ಚುವುದು ಬಹುಮಟ್ಟಿಗೆ ಅದು ತೊಡುವ ಕವಚ, ಹಿಡಿಯುವ ಆಯುಧ, ಧರಿಸುವ ಆಭರಣಗಳಿಂದ. ಈ ಸಾಮಗ್ರಿಗೆ ಆಟಗಾರರ ಮಾತಿನಲ್ಲಿ ಗೇರ್ ಎಂದು ಹೆಸರು. ಶತ್ರುವನ್ನು ಕೊಂದಾಗ ಅದರ ದೇಹದ ಬಳಿ ಸಿಗುವ ವಸ್ತುಗಳು ಲೂಟ್ ಎನಿಸಿಕೊಳ್ಳುತ್ತವೆ, ಒಂದು ವಸ್ತು ಹಾಗೆ ಸಿಕ್ಕಿದರೆ ಅದು ಡ್ರಾಪ್ ಆಯಿತು ಎನ್ನುತ್ತಾರೆ. ಯಾವ ಲೂಟ್ ಬೇಕು, ಅದು ಎಲ್ಲಿ ಸಿಗುತ್ತದೆ, ಸಿಕ್ಕಿದ ಮೇಲೆ ಯಾರ ಪಾಲಾಗಬೇಕು ಎಂಬ ಮೂರು ಪ್ರಶ್ನೆಗಳ ಸುತ್ತಲೇ ಈ ಆಟದ ಸಾಮಾಜಿಕ ಬದುಕಿನ ದೊಡ್ಡ ಭಾಗ ಬೆಳೆದಿದೆ. ಆ ಪ್ರಶ್ನೆಗಳಲ್ಲಿ ಮೊದಲ ಎರಡಕ್ಕೆ ಉತ್ತರ ಒದಗಿಸುವ ಪುಟ್ಟ ತಂತ್ರಾಂಶವೇ ಬೇಕಾದ ಲೂಟ್‌ನ ಲೆಕ್ಕ ಇಡುವ ಆ್ಯಡ್-ಆನ್.

ಅಂಥದೊಂದು ಲೆಕ್ಕದ ಅಗತ್ಯ ಏಕೆ ಬಿತ್ತು ಎಂಬುದು ಆಟದ ರಚನೆಯನ್ನು ನೋಡಿದರೆ ಸ್ಪಷ್ಟವಾಗುತ್ತದೆ. ಆಟದ ಹಳೆಯ ರೂಪವನ್ನು ಮರಳಿ ತಂದು 2019ರ ಆಗಸ್ಟ್‌ನಲ್ಲಿ ಆರಂಭಿಸಿದ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಕ್ಲಾಸಿಕ್‌ನಲ್ಲಿ, ಬಲ ಹೆಚ್ಚಿಸುವ ಸಾಮಗ್ರಿ ತೊಡಲು ತಲೆಯಿಂದ ಪಾದದವರೆಗೆ 17 ಸ್ಥಾನಗಳಿವೆ: ಕಿರೀಟ, ಕಂಠಹಾರ, ಭುಜಕವಚ, ಸೊಂಟಪಟ್ಟಿ, ಎರಡು ಉಂಗುರ, ಎರಡು ತಾಯಿತದಂಥ ಟ್ರಿಂಕೆಟ್‌ಗಳು ಇತ್ಯಾದಿ. ಒಂದೊಂದು ಸ್ಥಾನಕ್ಕೂ ಹತ್ತಾರು ವಸ್ತುಗಳಿದ್ದು, ಅವುಗಳ ಗುಣಮಟ್ಟವನ್ನು ಹೆಸರಿನ ಬಣ್ಣವೇ ಹೇಳುತ್ತದೆ. ಬೂದು ಮತ್ತು ಬಿಳಿ ಸಾಮಾನ್ಯ, ಹಸಿರು ಅದಕ್ಕಿಂತ ಮೇಲು, ನೀಲಿ ಅಪರೂಪ, ನೇರಳೆ ಬಹು ಶ್ರೇಷ್ಠ, ಕಿತ್ತಳೆ ದಂತಕಥೆಯ ಮಟ್ಟದ್ದು. ನೇರಳೆ ಬಣ್ಣದವುಗಳಲ್ಲಿ ಬಹುಪಾಲು, ಎತ್ತಿಕೊಂಡವರಿಗೇ ಅಂಟಿಕೊಂಡುಬಿಡುವ, ಅಂದರೆ ಮಾರುಕಟ್ಟೆಯಲ್ಲಿ ಮಾರಲಾಗದ ವಸ್ತುಗಳು. ಆದ್ದರಿಂದ ಹಣ ಕೊಟ್ಟು ಕೊಳ್ಳುವ ಅಡ್ಡದಾರಿ ಇಲ್ಲಿ ನಡೆಯದು; ಆ ವಸ್ತುವನ್ನು ಕಾಯುತ್ತಿರುವ ಪ್ರಬಲ ಶತ್ರುವನ್ನು, ಆಟಗಾರರು ಬಾಸ್ ಎಂದು ಕರೆಯುವವನನ್ನು, ಅವನಿರುವ ಗುಹೆಗೋ ಕೋಟೆಗೋ ಹೋಗಿಯೇ ಸೋಲಿಸಬೇಕು. ದೊಡ್ಡ ಬಾಸ್‌ಗಳನ್ನು ಎದುರಿಸಲು ದೊಡ್ಡ ತಂಡ ಬೇಕು. ಆ ಸಾಮೂಹಿಕ ದಾಳಿಗೆ ರೇಡ್ ಎಂದು ಹೆಸರು. ಕ್ಲಾಸಿಕ್‌ನ ಮೋಲ್ಟನ್ ಕೋರ್ ಎಂಬ ಅಗ್ನಿಗುಹೆಯ ರೇಡ್‌ಗೆ 40 ಜನರವರೆಗೆ ಸೇರಬಹುದು, ಅಲ್ಲಿ 10 ಬಾಸ್‌ಗಳಿದ್ದಾರೆ, ಮತ್ತು ಒಮ್ಮೆ ಕೊಂದ ಬಾಸ್ ಅದೇ ಪಾತ್ರಕ್ಕೆ ಮತ್ತೆ ಸಿಗುವುದು ಮುಂದಿನ ವಾರವೇ. ಸತ್ತ ಬಾಸ್ ತನ್ನ ಬಳಿಯ ಉದ್ದನೆಯ ಪಟ್ಟಿಯಿಂದ ಕೆಲವೇ ವಸ್ತುಗಳನ್ನು ಬಿಟ್ಟುಹೋಗುತ್ತಾನೆ. ಇಷ್ಟನ್ನೆಲ್ಲ ನೆನಪಿನಲ್ಲಿ ಇಟ್ಟುಕೊಳ್ಳುವುದು ಸಾಧ್ಯವಿಲ್ಲದ್ದರಿಂದ ಆಟಗಾರರು ಮೊದಲು ಕಾಗದದ ಮೇಲೆ, ಸ್ಪ್ರೆಡ್‌ಶೀಟ್‌ಗಳಲ್ಲಿ ಬರೆದಿಟ್ಟುಕೊಳ್ಳುತ್ತಿದ್ದ ಪಟ್ಟಿ ಕ್ರಮೇಣ ಆಟದ ಪರದೆಯೊಳಕ್ಕೇ ಬಂದಿತು.

ಆ್ಯಡ್-ಆನ್ ಎಂದರೆ ಮೂಲ ಆಟಕ್ಕೆ ಕೈಹಾಕದೆ, ಅದರ ಪರದೆಯ ಮೇಲೆ ಹೊಸ ಕಿಟಕಿ, ಗುಂಡಿ, ಸೂಚನೆಗಳನ್ನು ಸೇರಿಸುವ ಸಣ್ಣ ತಂತ್ರಾಂಶ. ಬ್ಲಿಝಾರ್ಡ್ ಮೊದಲಿನಿಂದಲೂ ಇದಕ್ಕೆ ಬಾಗಿಲು ತೆರೆದಿಟ್ಟಿದೆ. ಬ್ರೆಜಿಲ್‌ನ ರಿಯೊ ಡಿ ಜನೈರೊದ ಕ್ಯಾಥೊಲಿಕ್ ವಿಶ್ವವಿದ್ಯಾಲಯದಲ್ಲಿ 1993ರಲ್ಲಿ ಹುಟ್ಟಿದ ಲುವಾ ಎಂಬ ಹಗುರವಾದ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಯಾರು ಬೇಕಾದರೂ ಬರೆದು, ಆಟದ ಫೋಲ್ಡರಿನೊಳಗಿನ ನಿಗದಿತ ಜಾಗದಲ್ಲಿ ಇಟ್ಟರೆ ಸಾಕು, ಆಟ ತೆರೆದಾಗ ಅದೂ ತೆರೆದುಕೊಳ್ಳುತ್ತದೆ. ಈ ಸ್ವಾತಂತ್ರ್ಯಕ್ಕೆ ಮಿತಿಗಳೂ ಇವೆ. 2006ರ ಡಿಸೆಂಬರ್‌ನ ಪರಿಷ್ಕರಣೆಯಲ್ಲಿ, ಯಾವ ಮಂತ್ರವನ್ನು ಯಾರ ಮೇಲೆ ಪ್ರಯೋಗಿಸಬೇಕೆಂದು ಆ್ಯಡ್-ಆನ್ ತಾನೇ ತೀರ್ಮಾನಿಸುವುದನ್ನು ತಡೆಯಲಾಯಿತು; 2009ರ ಮಾರ್ಚ್‌ನಲ್ಲಿ ಪ್ರಕಟವಾದ ನಿಯಮಗಳು ಆ್ಯಡ್-ಆನ್‌ಗಳಿಗೆ ಹಣ ಪಡೆಯಕೂಡದೆಂದೂ ಅವುಗಳ ಸಂಕೇತವನ್ನು ಎಲ್ಲರೂ ಓದುವಂತಿಡಬೇಕೆಂದೂ ವಿಧಿಸಿದವು. ಹೀಗಾಗಿ ಈ ಕ್ಷೇತ್ರದಲ್ಲಿ ಇಂದು ಬಳಕೆಯಲ್ಲಿರುವ ಉತ್ತಮ ಸಾಧನಗಳಲ್ಲಿ ಬಹುಪಾಲು ಆಟದ ಮೇಲಿನ ಪ್ರೀತಿಗಾಗಿ ಬಿಡುವಿನ ವೇಳೆಯಲ್ಲಿ ದುಡಿದವರ ಕೊಡುಗೆ. ಅವರ ಶ್ರಮಕ್ಕೆ ಸಲ್ಲಬೇಕಾದ ಗೌರವ ಇನ್ನೂ ಸಂದಿಲ್ಲ.

ಲೂಟ್‌ನ ಲೆಕ್ಕ ಇಡುವ ಆ್ಯಡ್-ಆನ್‌ಗಳಲ್ಲಿ ಅಟ್ಲಾಸ್‌ಲೂಟ್ ಹಳೆಯದು, ಹೆಚ್ಚು ಬಳಕೆಯಲ್ಲಿರುವುದು. ಗುಹೆಗಳ ನಕ್ಷೆ ತೋರಿಸುತ್ತಿದ್ದ ಅಟ್ಲಾಸ್ ಎಂಬ ಇನ್ನೊಂದು ಆ್ಯಡ್-ಆನ್‌ಗೆ ಪೂರಕವಾಗಿ ಆರಂಭವಾದ ಇದು ಬರಬರುತ್ತ ತಾನೇ ಒಂದು ಸ್ವತಂತ್ರ ಕೋಶವಾಗಿ ಬೆಳೆಯಿತು. ಪರದೆಯ ಮೂಲೆಯ ಪುಟ್ಟ ನಕ್ಷೆಯ ಅಂಚಿನಲ್ಲಿರುವ ಗುಂಡಿಯನ್ನು ಒತ್ತಿದರೆ ಕಿಟಕಿಯೊಂದು ತೆರೆದುಕೊಳ್ಳುತ್ತದೆ. ಅದರಲ್ಲಿ ಮೋಲ್ಟನ್ ಕೋರ್ ಅನ್ನು ಆರಿಸಿದರೆ ಅಲ್ಲಿನ ಬಾಸ್‌ಗಳ ಹೆಸರು ಸಾಲಾಗಿ ಕಾಣಿಸುತ್ತವೆ. ಗಾರ್ ಎಂಬ ಬಂಡೆಯಾಕಾರದ ಬಾಸ್‌ನ ಹೆಸರನ್ನು ಒತ್ತಿದರೆ, ಅವನಿಂದ ದೊರೆಯಬಹುದಾದ ಪ್ರತಿಯೊಂದು ವಸ್ತುವೂ ತನ್ನ ಚಿತ್ರ, ಬಣ್ಣದ ಹೆಸರಿನೊಡನೆ ಮುಂದೆ ನಿಲ್ಲುತ್ತದೆ. ಬೇಕಾದುದರ ಮೇಲೆ ಆಲ್ಟ್ ಕೀ ಒತ್ತಿ ಕ್ಲಿಕ್ ಮಾಡಿದರೆ ಅದು ಆಟಗಾರನ ಇಷ್ಟಪಟ್ಟಿಗೆ ಸೇರಿಕೊಳ್ಳುತ್ತದೆ, ಮತ್ತು ಮುಂದೆ ಆ ವಸ್ತು ಎಲ್ಲಿ ಎದುರಾದರೂ ಪಕ್ಕದಲ್ಲಿ ಒಂದು ಪುಟ್ಟ ಗುರುತು ಕಾಣಿಸಿಕೊಂಡು, ಇದು ಬಯಸಿದ್ದ ವಸ್ತು ಎಂದು ನೆನಪಿಸುತ್ತದೆ. 40 ಜನರ ಗದ್ದಲದಲ್ಲಿ, ಲೂಟ್‌ನ ಕಿಟಕಿ ತೆರೆದು ತೀರ್ಮಾನ ಹೇಳಲು ಕೆಲವೇ ಕ್ಷಣಗಳಿರುವಾಗ, ಈ ಗುರುತಿನ ಉಪಕಾರ ಏನೆಂದು ರೇಡ್ ಮಾಡಿದವರೆಲ್ಲ ಬಲ್ಲರು.

ಇದರ ಒಳಗಿನ ವ್ಯವಸ್ಥೆ ಸರಳವಾಗಿದೆ. ಆಟದ ಪ್ರತಿಯೊಂದು ವಸ್ತುವಿಗೂ ಒಂದು ಸಂಖ್ಯೆಯಿದ್ದು, ಆ್ಯಡ್-ಆನ್ ನೆನಪಿಟ್ಟುಕೊಳ್ಳುವುದು ಆ ಸಂಖ್ಯೆಯನ್ನು. ಹೆಸರು, ಚಿತ್ರ, ಗುಣವಿವರಗಳನ್ನೆಲ್ಲ ಅದು ಆಟದಿಂದಲೇ ಕೇಳಿ ಪಡೆಯುತ್ತದೆ. ಥಂಡರ್‌ಫ್ಯೂರಿ ಎಂಬ ಪ್ರಸಿದ್ಧ ಖಡ್ಗದ ಸಂಖ್ಯೆ 19019. ಜರ್ಮನ್, ಕೊರಿಯನ್, ರಷ್ಯನ್ ಮುಂತಾದ ಯಾವ ಭಾಷೆಯ ಆವೃತ್ತಿಯಲ್ಲಿ ಆಡಿದರೂ ಆ ಸಂಖ್ಯೆ ಬದಲಾಗದು. ಆಟದ ಅಧಿಕೃತ ಭಾಷೆಗಳಲ್ಲಿ ಕನ್ನಡವಾಗಲಿ ಭಾರತದ ಬೇರೆ ಯಾವ ನುಡಿಯಾಗಲಿ ಇನ್ನೂ ಸೇರಿಲ್ಲ ಎಂಬುದು ಬೇಸರದ ಸಂಗತಿಯಾದರೂ, ಆ್ಯಡ್-ಆನ್‌ನ ಮಟ್ಟಿಗೆ ಕನ್ನಡದಲ್ಲಿ ಗುಂಡಿಗಳ ಹೆಸರು ಬರೆಯಲು ಯಾರ ಅನುಮತಿಯೂ ಬೇಕಿಲ್ಲ.

ಥಂಡರ್‌ಫ್ಯೂರಿಯ ವೃತ್ತಾಂತವನ್ನು ಸ್ವಲ್ಪ ವಿವರವಾಗಿ ನೋಡಿದರೆ ಪಟ್ಟಿಯ ಶಕ್ತಿ ಎಷ್ಟು, ಮಿತಿ ಎಷ್ಟು ಎಂಬುದು ತಿಳಿಯುತ್ತದೆ. ಈ ಖಡ್ಗ ಯಾವ ಬಾಸ್‌ನಿಂದಲೂ ನೇರವಾಗಿ ಸಿಗುವುದಿಲ್ಲ. ಮೋಲ್ಟನ್ ಕೋರ್‌ನ ಬ್ಯಾರನ್ ಗೆಡ್ಡನ್‌ನಿಂದ ಒಂದು, ಗಾರ್‌ನಿಂದ ಇನ್ನೊಂದು ಹೀಗೆ ಎರಡು ಕಟ್ಟುಗಳು ಸಿಗಬೇಕು. ಅಲ್ಲಿನ ಕೊನೆಯ ಬಾಸ್ ರಾಗ್ನರೋಸ್‌ನಿಂದ ಅಗ್ನಿಸಾರವೊಂದು ದೊರೆಯಬೇಕು. ಎಲಿಮೆಂಟಿಯಮ್ ಎಂಬ ಲೋಹದ ಮಂತ್ರಿಸಿದ ಗಟ್ಟಿಗಳು ಹತ್ತು ಬೇಕು, ಅದಕ್ಕೆ ಬ್ಲ್ಯಾಕ್‌ವಿಂಗ್ ಲೇರ್ ಎಂಬ ಮತ್ತೊಂದು ರೇಡ್‌ನ ಮೆಟ್ಟಿಲು ಹತ್ತಬೇಕು. ಇಷ್ಟಾದ ಮೇಲೆ ಸಿಲಿಥಸ್ ಎಂಬ ಮರುಭೂಮಿಯಲ್ಲಿ ಥಂಡರಾನ್ ಎಂಬ ವಾಯುರಾಜಕುಮಾರನನ್ನು ಕರೆಸಿ ಸೋಲಿಸಬೇಕು. ಎಲ್ಲಕ್ಕಿಂತ ಕಠಿಣವಾದದ್ದು ಕಟ್ಟುಗಳು. ಆಟಗಾರರು ಸಂಗ್ರಹಿಸಿದ ದಾಖಲೆಗಳ ಪ್ರಕಾರ ಒಂದೊಂದು ಕಟ್ಟು ಸಿಗುವ ಸಂಭವ ಶೇ. 3ರಿಂದ 4ರ ಆಸುಪಾಸಿನಲ್ಲಿದೆ. ಶೇ. 4 ಎಂದೇ ಇಟ್ಟುಕೊಂಡರೂ, 25 ವಾರ ತಪ್ಪದೆ ಗಾರ್‌ನನ್ನು ಕೊಂದ ತಂಡಕ್ಕೆ ಕಟ್ಟು ಒಮ್ಮೆಯೂ ಸಿಗದಿರುವ ಸಂಭವ ಶೇ. 36, ಇಡೀ ವರ್ಷ, ಅಂದರೆ 52 ವಾರ ಕೊಂದರೂ ಬರಿಗೈಯಲ್ಲಿ ಉಳಿಯುವ ಸಂಭವ ಶೇ. 12. ಎರಡೂ ಕಟ್ಟುಗಳು ಒಂದು ವರ್ಷದೊಳಗೆ ತಂಡದ ಕಣ್ಣಿಗೆ ಬೀಳುವ ಸಂಭವ ಸುಮಾರು ಶೇ. 77 ಎಂದು ಲೆಕ್ಕ ಹೇಳುತ್ತದೆ, ಆದರೆ ಅವೆರಡೂ ಒಬ್ಬನ ಕೈಗೇ ಸೇರಬೇಕು.

25ರಲ್ಲಿ ಒಂದು ಸಲ ಸಿಗುವ ವಸ್ತು 25ನೆಯ ಸಲ ಸಿಕ್ಕೇಬಿಡುತ್ತದೆ ಎಂದು ಬಹಳಷ್ಟು ಜನ ನಂಬಿರುತ್ತಾರೆ. ಈ ನಂಬಿಕೆ ತಪ್ಪು. ಪ್ರತಿ ಸಲವೂ ಸರ್ವರ್, ಅಂದರೆ ಆಟವನ್ನು ನಡೆಸುವ ಸಂಸ್ಥೆಯ ಕಂಪ್ಯೂಟರ್, ಹಿಂದಿನದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಹೊಸದಾಗಿ ನಿರ್ಧರಿಸುತ್ತದೆ. ಆ ನಿರ್ಧಾರ ಆಟಗಾರನ ಯಂತ್ರಕ್ಕೆ ತಲುಪುವುದು ಲೂಟ್‌ನ ಕಿಟಕಿ ತೆರೆದಾಗಲೇ. ಆದ್ದರಿಂದ ಯಾವ ಆ್ಯಡ್-ಆನ್ ಕೂಡ ಮುಂದೆ ಏನು ಸಿಗಲಿದೆ ಎಂಬುದನ್ನು ಮೊದಲೇ ಹೇಳಲಾರದು, ಸಿಗುವ ಸಂಭವವನ್ನು ಕೂದಲೆಳೆಯಷ್ಟೂ ಹೆಚ್ಚಿಸಲಾರದು. ಹಾಗೆ ಹೆಚ್ಚಿಸುತ್ತೇನೆಂದು ಹೇಳಿಕೊಳ್ಳುವ ತಂತ್ರಾಂಶ ಮೋಸದ್ದು. ಯಾವಾಗ ಸಿಗುತ್ತದೆಂದು ಗೊತ್ತಿಲ್ಲದ ಬಹುಮಾನಕ್ಕೆ ಮನಸ್ಸು ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ ಎಂಬುದನ್ನು ಅಮೆರಿಕದ ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲಿನ ಪ್ರಯೋಗಗಳಲ್ಲಿ ತೋರಿಸಿದ್ದರು. ಪ್ರಯತ್ನಗಳ ಎಣಿಕೆಯನ್ನೂ ಇಡುವ ರ‍್ಯಾರಿಟಿಯಂಥ ಆ್ಯಡ್-ಆನ್‌ಗಳು ಈ ದೃಷ್ಟಿಯಿಂದ ಎರಡು ಅಲಗಿನ ಕತ್ತಿ: ತನ್ನ ದುರದೃಷ್ಟ ಅಸಾಧಾರಣವೇನಲ್ಲ ಎಂದು ಒಬ್ಬರಿಗೆ ಸಮಾಧಾನ ನೀಡುವ ಅದೇ ಅಂಕಿ, ಇನ್ನೊಬ್ಬರನ್ನು ಇಷ್ಟು ಸಲ ಆಯಿತು, ಇನ್ನೊಂದೇ ಸಲ ಎಂದು ರಾತ್ರಿಯಿಡೀ ಕೂರಿಸುತ್ತದೆ.

ಮೂರನೆಯ ಪ್ರಶ್ನೆ, ಸಿಕ್ಕಿದ್ದು ಯಾರಿಗೆ ಎಂಬುದು, ಉಳಿದೆರಡಕ್ಕಿಂತ ಸೂಕ್ಷ್ಮವಾದದ್ದು. ಸಣ್ಣ ತಂಡಗಳಲ್ಲಿ ಅಗತ್ಯವಿದ್ದವರು ನೀಡ್, ಇದ್ದರೆ ಒಳ್ಳೆಯದು ಎನ್ನುವವರು ಗ್ರೀಡ್, ಬೇಡವೆನ್ನುವವರು ಪಾಸ್ ಎಂಬ ಗುಂಡಿ ಒತ್ತುತ್ತಾರೆ. ಬಳಿಕ ಒಬ್ಬೊಬ್ಬರಿಗೂ 1ರಿಂದ 100ರವರೆಗಿನ ಯಾವುದೋ ಒಂದು ಸಂಖ್ಯೆಯನ್ನು ಆಟವೇ ಎತ್ತಿ, ಹೆಚ್ಚು ಬಂದವರಿಗೆ ವಸ್ತುವನ್ನು ಕೊಡುತ್ತದೆ. 40 ಜನರು ವರ್ಷಗಟ್ಟಲೆ ಒಟ್ಟಿಗೆ ಆಡುವ ಗಿಲ್ಡ್‌ಗಳಲ್ಲಿ, ಅಂದರೆ ಆಟಗಾರರ ಸಂಘಗಳಲ್ಲಿ, ಇಷ್ಟು ಸಾಲದು. ಎವರ್‌ಕ್ವೆಸ್ಟ್ ಎಂಬ ಹಿಂದಿನ ಆಟದಲ್ಲಿ ಆಫ್ಟರ್‌ಲೈಫ್ ಎಂಬ ಗಿಲ್ಡ್ 1999ರಲ್ಲಿ ಹಾಜರಾತಿಗೆ ಅಂಕ ಕೊಟ್ಟು, ಆ ಅಂಕಗಳನ್ನೇ ತೆತ್ತು ಲೂಟ್ ಪಡೆಯುವ ಪದ್ಧತಿಯನ್ನು ರೂಪಿಸಿತು. ಡ್ರ್ಯಾಗನ್ ಕೊಂದುದಕ್ಕೆ ದೊರೆಯುವ ಅಂಕ ಎಂಬರ್ಥದ ಡಿಕೆಪಿ ಎಂಬ ಹೆಸರಿನಲ್ಲಿ ಅದು ವಾರ್‌ಕ್ರಾಫ್ಟ್‌ಗೂ ಹರಡಿತು. ಕೆಲವು ಗಿಲ್ಡ್‌ಗಳಲ್ಲಿ ಹಿರಿಯರ ಸಮಿತಿ ಕುಳಿತು ಹಂಚುತ್ತದೆ. ಇನ್ನು ಕೆಲವೆಡೆ ಆಟದೊಳಗಿನ ಚಿನ್ನದ ನಾಣ್ಯಗಳಲ್ಲಿ ಹರಾಜು ನಡೆದು, ಬಂದ ಚಿನ್ನವನ್ನು ತಂಡದವರೆಲ್ಲ ಹಂಚಿಕೊಳ್ಳುತ್ತಾರೆ. ನಮ್ಮ ಊರುಗಳ ಚೀಟಿ ವ್ಯವಹಾರದಲ್ಲಿ ಕೂಗಿದವನಿಗೆ ಹಣ, ಬಿಟ್ಟ ಮೊತ್ತ ಉಳಿದವರ ಪಾಲು ಎನ್ನುವ ಕ್ರಮವನ್ನು ಬಲ್ಲವರಿಗೆ ಇದು ಹೊಸದೆನಿಸದು. ಜಿಡಿಕೆಪಿ ಎಂಬ ಈ ಹರಾಜು, ನಿಜವಾದ ಹಣ ಕೊಟ್ಟು ಕಳ್ಳದಾರಿಯಲ್ಲಿ ಚಿನ್ನ ಕೊಳ್ಳುವುದಕ್ಕೆ ಪ್ರೇರಣೆಯಾಗುತ್ತಿದೆ ಎಂಬ ದೂರು ಬೆಳೆದು, ಕ್ಲಾಸಿಕ್‌ನ ಸೀಸನ್ ಆಫ್ ಡಿಸ್ಕವರಿ ಎಂಬ ಆವೃತ್ತಿಯಲ್ಲಿ ಬ್ಲಿಝಾರ್ಡ್ 2024ರಲ್ಲಿ ಅದನ್ನು ನಿಷೇಧಿಸಿತು.

ಇಷ್ಟಪಟ್ಟಿಗೆ ನೇರವಾಗಿ ಸಂಬಂಧಿಸಿದ ಪದ್ಧತಿ ಸಾಫ್ಟ್ ರಿಸರ್ವ್ ಎಂಬುದು. ರೇಡ್ ಆರಂಭವಾಗುವ ಮೊದಲೇ ಪ್ರತಿಯೊಬ್ಬರೂ ತಮಗೆ ಬೇಕಾದ ಒಂದೋ ಎರಡೋ ವಸ್ತುಗಳನ್ನು ಮುಖಂಡನಿಗೆ ತಿಳಿಸುತ್ತಾರೆ, ಗಾರ್ಗುಲ್‌ನಂಥ ಆ್ಯಡ್-ಆನ್ ಅದೆಲ್ಲವನ್ನೂ ಒಂದೆಡೆ ದಾಖಲಿಸುತ್ತದೆ, ಮತ್ತು ಆ ವಸ್ತು ಡ್ರಾಪ್ ಆದಾಗ ಹೆಸರು ಕೊಟ್ಟವರು ಮಾತ್ರ ಸ್ಪರ್ಧಿಸುತ್ತಾರೆ. ಅಪರಿಚಿತರೇ ಕೂಡಿದ ತಂಡದಲ್ಲೂ ಜಗಳವಿಲ್ಲದೆ ಹಂಚಿಕೆ ನಡೆಯುವುದು ಇದರಿಂದಲೇ. ಒಬ್ಬನ ಮನಸ್ಸಿನಲ್ಲೋ ಅವನ ಕಂಪ್ಯೂಟರಿನಲ್ಲೋ ಗುಟ್ಟಾಗಿದ್ದ ಬಯಕೆ ಇಲ್ಲಿ ಎಲ್ಲರೆದುರು ಮೊದಲೇ ನುಡಿದ ಮಾತಾಗುತ್ತದೆ. ವಸ್ತು ಕಣ್ಣೆದುರು ಬಿದ್ದ ಮೇಲೆ ಹುಟ್ಟುವ ಹಠಾತ್ ಆಸೆಗೆ ಅಲ್ಲಿ ಜಾಗವಿಲ್ಲ. ಲೂಟ್ ಆ್ಯಡ್-ಆನ್‌ಗಳ ಅತ್ಯಂತ ದೊಡ್ಡ ಉಪಕಾರ ಇದೇ ಎಂದು ಹೇಳಬೇಕು. ಏನು ಬೇಕೆಂದು ಖಚಿತವಾಗಿ ತಿಳಿದವನಿಗೆ ಏನು ಬೇಡವೆಂಬುದೂ ತಿಳಿದಿರುತ್ತದೆ, ಅಂಥವನು ಪಾಸ್ ಗುಂಡಿಯನ್ನು ಹಿಂಜರಿಯದೆ ಒತ್ತುತ್ತಾನೆ, ಅವನು ಬಿಟ್ಟ ವಸ್ತು ಅದರ ನಿಜವಾದ ಅಗತ್ಯವಿದ್ದ ಹೊಸಬನಿಗೆ ತಲುಪುತ್ತದೆ.

ಹಾಗೆಂದಮೇಲೆ ಪಟ್ಟಿ ಚಿಕ್ಕದಾಗಿರಬೇಕು. ಪ್ರತಿಯೊಂದು ಸ್ಥಾನಕ್ಕೂ ಅತ್ಯುತ್ತಮವಾದದ್ದನ್ನೇ ಬರೆದ ಸಿದ್ಧಪಟ್ಟಿಗಳು ಎಲ್ಲೆಡೆ ದೊರೆಯುತ್ತವೆ. ಅವನ್ನು ಹಾಗೆಯೇ ನಕಲು ಮಾಡಿದ ಆಟಗಾರನಿಗೆ 17 ಗುರಿಗಳು ಸಿಗುತ್ತವೆ, ದಾರಿ ಮಾತ್ರ ತಿಳಿಯುವುದಿಲ್ಲ. ಸದ್ಯ ತನ್ನ ತಂಡ ಸೋಲಿಸಬಲ್ಲ ಬಾಸ್‌ಗಳಿಂದ ಸಿಗುವಂಥವು, ಅವುಗಳಲ್ಲೂ ಈಗ ತೊಟ್ಟಿರುವುದಕ್ಕಿಂತ ಗಣನೀಯವಾಗಿ ಮೇಲಾದವು ಮಾತ್ರ ಪಟ್ಟಿಯಲ್ಲಿದ್ದರೆ ಸಾಕು. ಒಂದೇ ಜೊತೆಗೆ ಸೇರಿದ ಕವಚಗಳ ಲೆಕ್ಕವನ್ನೂ ಇಲ್ಲಿ ಮರೆಯಬಾರದು. ಮೋಲ್ಟನ್ ಕೋರ್‌ನ ಎಂಟು ತುಂಡುಗಳ ಕವಚದಲ್ಲಿ ಮೂರು, ಐದು, ಎಂಟು ತುಂಡುಗಳು ಕೂಡಿದಾಗ ಹೆಚ್ಚುವರಿ ಬಲ ದೊರೆಯುವುದರಿಂದ, ಬಿಡಿಯಾಗಿ ನೋಡಿದರೆ ಸಾಧಾರಣವೆನಿಸುವ ಕೈಗವಸು ಐದನೆಯ ತುಂಡಾಗಿ ಬಂದಾಗ ಅಮೂಲ್ಯವಾಗುತ್ತದೆ. ಆ್ಯಡ್-ಆನ್ ಇದನ್ನು ತಾನಾಗಿ ತೂಗಿ ಹೇಳುವುದಿಲ್ಲ. ಆ ವಿವೇಚನೆ ಆಟಗಾರನದೇ.

ಕೆಲವು ಪ್ರಾಯೋಗಿಕ ಎಚ್ಚರಿಕೆಗಳೂ ಇವೆ. ಆ್ಯಡ್-ಆನ್ ಪಟ್ಟಿಯನ್ನು ಡಿಸ್ಕಿಗೆ ಬರೆಯುವುದು ಆಟದಿಂದ ಹೊರಬಂದಾಗ ಅಥವಾ ಪರದೆಯನ್ನು ಮರುಲೋಡ್ ಮಾಡಿದಾಗ ಮಾತ್ರ. ನಡುವೆ ಕರೆಂಟು ಹೋದರೆ ಅಂದು ಸೇರಿಸಿದ್ದೆಲ್ಲ ಅಳಿಸಿಹೋಗುತ್ತದೆ. ಪಟ್ಟಿ ಇರುವುದು ಸಂಸ್ಥೆಯ ಸರ್ವರ್‌ನಲ್ಲಲ್ಲ, ಆಟಗಾರನ ಕಂಪ್ಯೂಟರಿನಲ್ಲಿ, ಡಬ್ಲ್ಯುಟಿಎಫ್ ಎಂಬ ಫೋಲ್ಡರಿನೊಳಗೆ. ಹೊಸ ಕಂಪ್ಯೂಟರ್ ಕೊಂಡವರು ಅದನ್ನು ನಕಲು ಮಾಡಿಕೊಳ್ಳಬೇಕು. ಆ್ಯಡ್-ಆನ್‌ಗಳು ಮೂಲತಃ ಬರಿಯ ಪಠ್ಯದ ಕಡತಗಳಾದ್ದರಿಂದ, ತನ್ನನ್ನು ಇನ್‌ಸ್ಟಾಲ್ ಮಾಡಿ ಎಂದು ಕೇಳುವ, ಖಾತೆಯ ಪಾಸ್‌ವರ್ಡ್ ಬೇಡುವ ಯಾವುದನ್ನೂ ಆ್ಯಡ್-ಆನ್ ಎಂದು ನಂಬಬಾರದು.

ಆಟದ ಮುಖ್ಯ ಆವೃತ್ತಿ ಬದಲಾದಂತೆ ಅಲ್ಲಿ ಪಟ್ಟಿಯ ಪಾತ್ರವೂ ಬದಲಾಗಿದೆ. 2011ರ ಜೂನ್‌ನಲ್ಲಿ ಬ್ಲಿಝಾರ್ಡ್ ತಾನೇ ಬಾಸ್‌ಗಳ ಲೂಟ್ ತೋರಿಸುವ ಕೈಪಿಡಿಯನ್ನು ಆಟದೊಳಗೆ ಸೇರಿಸಿತು; 2018ರಲ್ಲಿ ಮುಖಂಡನ ಕೈಯಿಂದ ಹಂಚಿಕೆಯ ಅಧಿಕಾರವನ್ನು ತೆಗೆದು ಪ್ರತಿಯೊಬ್ಬರಿಗೂ ಬೇರೆಬೇರೆಯಾಗಿ ಲೂಟ್ ಸಿಗುವಂತೆ ಮಾಡಿತು; 2022ರ ಕೊನೆಯಲ್ಲಿ ರೇಡ್‌ಗಳಿಗೆ ನೀಡ್, ಗ್ರೀಡ್ ಪದ್ಧತಿಯನ್ನು ಮರಳಿ ತಂದಿತು. ಆಟದ ಇಂದಿನ ಮುಖ್ಯ ಆವೃತ್ತಿಯಲ್ಲಿ ಮೇಲಿನ ಹಂತದ ಪಾತ್ರವೊಂದು ಮೋಲ್ಟನ್ ಕೋರ್‌ನ ಹತ್ತೂ ಬಾಸ್‌ಗಳನ್ನು ಒಂಟಿಯಾಗಿ ಸೋಲಿಸಬಲ್ಲುದು, ಥಂಡರ್‌ಫ್ಯೂರಿ ಅಲ್ಲಿ ಬಲದ ಲೆಕ್ಕದಲ್ಲಿ ನಗಣ್ಯ. ಆದರೂ ಆ ಎರಡು ಕಟ್ಟುಗಳು ಇನ್ನೂ ಅಸಂಖ್ಯ ಆಟಗಾರರ ಇಷ್ಟಪಟ್ಟಿಗಳಲ್ಲಿ ಉಳಿದುಕೊಂಡಿವೆ, ತಮ್ಮಲ್ಲಿರುವ ಹತ್ತಾರು ಪಾತ್ರಗಳಲ್ಲಿ ಒಂದೊಂದನ್ನೇ ಕರೆದುಕೊಂಡು ಗಾರ್‌ನ ಬಳಿಗೆ ವಾರವಾರವೂ ಹೋಗಿಬರುವವರಿದ್ದಾರೆ.