ಪಾಪರ್ ಚೀಟಿಯೋ, ಬ್ಯಾಂಕಿನೊಡನೆ ರಾಜಿಯೋ?

ನಾಗಪುರದ ಸಿವಿಲ್ ಲೈನ್ಸ್‌ನಲ್ಲಿ ಜಿಲ್ಲಾ ನ್ಯಾಯಾಲಯವಿದೆ, ರಿಸರ್ವ್ ಬ್ಯಾಂಕಿನ ಕಚೇರಿಯೂ ಇದೆ. ಕ್ರೆಡಿಟ್ ಕಾರ್ಡ್ ಸಾಲದಲ್ಲಿ ಸಿಲುಕಿದ ಅಲ್ಲಿನ ಹೋಟೆಲ್ ಮಾಲೀಕರಿಗೆ ಉಳಿಯುವ ದಾರಿ ಎರಡು. ಒಂದು ಆ ನ್ಯಾಯಾಲಯದ ಮೂಲಕ ಹೋಗುತ್ತದೆ. ಇನ್ನೊಂದು ರಿಸರ್ವ್ ಬ್ಯಾಂಕಿನ ನಿಯಮಗಳಡಿ ಕಾರ್ಡ್ ಕೊಟ್ಟ ಬ್ಯಾಂಕಿನೊಡನೆ ನೇರ ಮಾತುಕತೆ. "ಪಾಪರ್ ಚೀಟಿ ತೆಗೆದುಕೊಂಡರೆ ಎಲ್ಲ ಮುಗಿಯಿತಲ್ಲ" ಎನ್ನುವವರು ನಮ್ಮ ಉದ್ಯಮದಲ್ಲಿ ಇದ್ದಾರೆ. ಅದು ಅಷ್ಟು ಸುಲಭವಲ್ಲ.

ಮೊದಲು ಸಾಲ ಬೆಳೆಯುವ ವೇಗ ನೋಡೋಣ. ತಿಂಗಳಿಗೆ ಶೇ. 3.5ರಂತೆ ಬಡ್ಡಿ ಹಾಕುವ ಕಾರ್ಡಿನಲ್ಲಿ 4 ಲಕ್ಷ ಬಾಕಿಯಿದ್ದರೆ ಬಡ್ಡಿ 14,000, ಅದರ ಮೇಲೆ ಶೇ. 18 ಜಿಎಸ್‌ಟಿ 2,520, ಒಟ್ಟು 16,520 ರೂಪಾಯಿ. ಪ್ಲೇಟ್ ಇಡ್ಲಿ 40 ರೂಪಾಯಿಯಾದರೆ ಇದು 413 ಪ್ಲೇಟಿನ ಹಣ. ಲಾಭವಲ್ಲ, ಪೂರ್ತಿ ವ್ಯಾಪಾರ! ವರ್ಷಕ್ಕೆ ಶೇ. 30ಕ್ಕಿಂತ ಹೆಚ್ಚು ಬಡ್ಡಿ ಕೂಡದೆಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. ಸುಪ್ರೀಂ ಕೋರ್ಟ್ ಡಿಸೆಂಬರ್ 2024ರಲ್ಲಿ ಆ ಆದೇಶವನ್ನು ರದ್ದುಮಾಡಿತು. ಆ ಆಸೆಯೂ ಬೇಡ.

2016ರ ದಿವಾಳಿ ಸಂಹಿತೆ ಇದೆಯಲ್ಲ ಎಂದು ಕೇಳಬಹುದು. ಅದರಲ್ಲಿ ವ್ಯಕ್ತಿಗಳ ದಿವಾಳಿಯ ಭಾಗ 1 ಡಿಸೆಂಬರ್ 2019ರಂದು ಜಾರಿಯಾದದ್ದು ಕಂಪನಿಯ ಸಾಲಕ್ಕೆ ವೈಯಕ್ತಿಕ ಜಾಮೀನು ನಿಂತವರಿಗೆ ಮಾತ್ರ. ಒಬ್ಬರೇ ಮಾಲೀಕರಾಗಿ ಹೋಟೆಲ್ ನಡೆಸುವವರಿಗೆ ನಾಗಪುರದಲ್ಲಿ ಇಂದಿಗೂ 1920ರ ಪ್ರಾಂತೀಯ ದಿವಾಳಿ ಕಾಯಿದೆಯೇ ಗತಿ. (ಮುಂಬಯಿಯಲ್ಲಿ ಇನ್ನೂ ಹಳೆಯದು, 1909ರದು.) ಅರ್ಜಿ ಹಾಕಲು 500 ರೂಪಾಯಿ ಸಾಲವಿದ್ದರೂ ಸಾಕು! ಒಳಹೋಗುವುದು ಸುಲಭ, ಹೊರಬರುವುದು ಕಷ್ಟ.

ನ್ಯಾಯಾಲಯ ದಿವಾಳಿಯೆಂದು ಘೋಷಿಸಿದೊಡನೆ ಆಸ್ತಿಯೆಲ್ಲ ನ್ಯಾಯಾಲಯದ ಅಥವಾ ರಿಸೀವರ್‌ನ ವಶವಾಗುತ್ತದೆ. ಮನೆಯ ಅಡುಗೆ ಪಾತ್ರೆ, ಹಾಸಿಗೆ, ಬಟ್ಟೆಗಳಿಗೆ ರಕ್ಷಣೆ ಉಂಟು. ಹೋಟೆಲಿನ ಗ್ರೈಂಡರು, ಫ್ರಿಜ್ಜುಗಳಿಗೂ ಅದೇ ರಕ್ಷಣೆ ಸಿಗುತ್ತದೆಂದು ನಂಬಿ ಕೂರಬೇಡಿ. ಹಿಂದಿನ ಎರಡು ವರ್ಷದಲ್ಲಿ ಹೆಂಡತಿಯ ಹೆಸರಿಗೋ ತಮ್ಮನ ಹೆಸರಿಗೋ ಪುಕ್ಕಟೆಯಾಗಿ ಬರೆದುಕೊಟ್ಟ ಆಸ್ತಿಯನ್ನೂ ರಿಸೀವರ್ ಪ್ರಶ್ನಿಸಬಹುದು. ಬಿಡುಗಡೆಯ ಆದೇಶ ಸಿಗುವವರೆಗೆ, ತಾನು ದಿವಾಳಿಯೆಂದು ತಿಳಿಸದೆ 50 ರೂಪಾಯಿ ಅಥವಾ ಹೆಚ್ಚಿನ ಉದ್ದರಿ ಪಡೆದರೆ ಅಪರಾಧ. ದಿನಸಿ, ಹಾಲು, ಗ್ಯಾಸ್ ಎಲ್ಲ ಉದ್ದರಿಯಲ್ಲೇ ನಡೆಯುವ ನಮ್ಮ ಕಸುಬಿನಲ್ಲಿ ಇದರ ಅರ್ಥವೇನೆಂದು ಬಿಡಿಸಿ ಹೇಳಬೇಕಿಲ್ಲ.

ಬಿಡುಗಡೆ ಕೇಳುವಾಗ ಲೆಕ್ಕದ ಪುಸ್ತಕ ನೋಡುತ್ತಾರೆ. ಹಿಂದಿನ ಮೂರು ವರ್ಷ ಸರಿಯಾದ ಲೆಕ್ಕ ಇಡದಿದ್ದರೆ, ಆಸ್ತಿ ರೂಪಾಯಿಗೆ ಎಂಟಾಣೆಯಷ್ಟೂ ಇಲ್ಲದೆ ಅದಕ್ಕೆ ನಮ್ಮದೇ ತಪ್ಪು ಕಾರಣವಾಗಿದ್ದರೆ, ಪೂರ್ಣ ಬಿಡುಗಡೆ ಸಿಗುವುದಿಲ್ಲ. ಸರ್ಕಾರಕ್ಕೆ ಕೊಡಬೇಕಾದ ಬಾಕಿಯಂತೂ ಬಿಡುಗಡೆಯ ನಂತರವೂ ಉಳಿಯುತ್ತದೆ.

ಅಣ್ಣತಮ್ಮಂದಿರು, ಭಾವಂದಿರು ಕೂಡಿ ನಡೆಸುವ ಹೋಟೆಲುಗಳ ವಿಷಯ ಬೇರೆಯೇ. ಪಾಲುದಾರಿಕೆ ಪತ್ರದಲ್ಲಿ ಬೇರೆ ಷರತ್ತು ಬರೆಯದಿದ್ದರೆ ಒಬ್ಬ ಪಾಲುದಾರ ದಿವಾಳಿಯಾದರೆ ಸಂಸ್ಥೆಯೇ ವಿಸರ್ಜನೆಯಾಗುತ್ತದೆ. ಬಾಡಿಗೆ ಕರಾರಿನಲ್ಲೂ ಬಾಡಿಗೆದಾರ ದಿವಾಳಿಯಾದರೆ ಜಾಗ ವಾಪಸ್ ಎಂಬ ಷರತ್ತಿರಬಹುದು. ಎರಡನ್ನೂ ವಕೀಲರಿಗೆ ತೋರಿಸದೆ ಅರ್ಜಿಗೆ ಸಹಿ ಹಾಕಬಾರದು.

ಹೋಟೆಲ್ ನಡೆಯುತ್ತಿದ್ದು, ಹೊರೆ ಕಾರ್ಡಿನದು ಮಾತ್ರವಾಗಿದ್ದರೆ ರಾಜಿಯೇ ಲೇಸೆಂಬುದು ನಮ್ಮ ಅಭಿಪ್ರಾಯ. ಕಾರ್ಡ್ ಬಾಕಿ ಸಿವಿಲ್ ಸಾಲ. ಕಟ್ಟಲಾಗಲಿಲ್ಲ ಎಂದಷ್ಟಕ್ಕೇ ಜೈಲಿಲ್ಲ. ಆದರೆ ಕಂತಿಗೆಂದು ಕೊಟ್ಟ ಚೆಕ್ ಬೌನ್ಸ್ ಆದರೆ ಅದು ಕ್ರಿಮಿನಲ್ ಪ್ರಕರಣ. ಕೈಲಾಗದ ಕಂತಿಗೆ ಒಪ್ಪಬೇಡಿ. ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ವಸೂಲಿ ಏಜೆಂಟರು ಫೋನ್ ಮಾಡುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ. ಅವರು ಗಲ್ಲಾದ ಮುಂದೆ ಬಂದು ಕೂತರೂ ನಗದು ಕೊಡಬಾರದು.

ರಾಜಿಗೂ ಬೆಲೆಯಿದೆ. ಸಿಬಿಲ್ ವರದಿಯಲ್ಲಿ 'ಸೆಟಲ್ಡ್' ಎಂದು ಬರುತ್ತದೆ, ಮುಂದೆ ಸಾಲ ಕೇಳಿದಾಗ ಅದು ಅಡ್ಡ ಬರುತ್ತದೆ. ರಾಜಿ ಮಾಡಿಕೊಂಡ ಬ್ಯಾಂಕ್ ಕನಿಷ್ಠ 12 ತಿಂಗಳು ಹೊಸ ಸಾಲ ಕೊಡಬಾರದೆಂದು ಜೂನ್ 2023ರಲ್ಲಿ ರಿಸರ್ವ್ ಬ್ಯಾಂಕ್ ನಿಯಮ ಮಾಡಿತು. ಅಡುಗೆಮನೆ ಹೊಸದು ಮಾಡುವ ಯೋಜನೆಯಿದ್ದರೆ ಇದನ್ನು ಲೆಕ್ಕ ಹಾಕಿಕೊಳ್ಳಿ.

ಲೋಕ ಅದಾಲತ್‌ನಲ್ಲೂ ರಾಜಿ ಮಾಡಿಕೊಳ್ಳಬಹುದು. ಅಲ್ಲಿಯ ತೀರ್ಮಾನ ನ್ಯಾಯಾಲಯದ ಡಿಕ್ರಿಗೆ ಸಮ, ಮೇಲ್ಮನವಿ ಇಲ್ಲ. ಬ್ಯಾಂಕಿನಲ್ಲೇ ಮಾತಾಡುವುದಾದರೆ ಮೊತ್ತ, ಕೊನೆಯ ದಿನಾಂಕ, ಉಳಿದದ್ದನ್ನು ಬಿಟ್ಟಿದ್ದೇವೆ ಎಂಬ ಮಾತು ಮೂರೂ ಬ್ಯಾಂಕಿನ ಲೆಟರ್‌ಹೆಡ್ ಮೇಲೆ ಬರಲಿ. ಹಣ ಕಟ್ಟುವುದು ಆ ಪತ್ರ ಕೈಗೆ ಬಂದ ಮೇಲೆ, ಅದೂ ಬ್ಯಾಂಕ್ ಖಾತೆಯ ಮೂಲಕವೇ. ಆಮೇಲೆ ಬಾಕಿ ಇಲ್ಲವೆಂಬ ಪತ್ರ ಪಡೆದು ಪಾಲುದಾರಿಕೆ ಪತ್ರದ ಜೊತೆಗೇ ಇಟ್ಟುಕೊಳ್ಳಿ.