ನಿಮಗಿದು ಗೊತ್ತೆ? ಯಲಹಂಕದ ಪಿನ್‌ಕೋಡ್‌ಗೆ ಆರು ಸೊನ್ನೆಗಳ ಬಾಲ!

ನಾವು ಎಣಿಸುವುದು ಹತ್ತರ ಲೆಕ್ಕದಲ್ಲಿ: ಬಿಡಿ, ಹತ್ತು, ನೂರು. ಅದನ್ನೇ ಆರರ ಲೆಕ್ಕಕ್ಕೆ ತಿರುಗಿಸಿದರೆ ಸ್ಥಾನಬೆಲೆಗಳು 1, 6, 36, 216 ಎಂದು ಏರುತ್ತವೆ. 0ಯಿಂದ 5ರವರೆಗಿನ ಅಂಕಿಗಳೇ ಸಾಕು. ಹೀಗೆ ಬರೆದರೆ ಬೆಂಗಳೂರು ಜಿಪಿಒದ 560001 ಎಂಬ ಪಿನ್‌ಕೋಡ್ 20000333 ಆಗಿಬಿಡುತ್ತದೆ!

ಇಷ್ಟು ಸೊನ್ನೆ ಎಲ್ಲಿಂದ ಬಂದವು? ಏಳು ಆರುಗಳನ್ನು ಗುಣಿಸಿದರೆ 2,79,936. ಅದರ ಎರಡರಷ್ಟು 5,59,872. ನಮ್ಮ ಪಿನ್‌ಕೋಡ್‌ಗಳು ಅದರ ಬೆನ್ನಿಗೇ ಶುರುವಾಗುತ್ತವೆ. 1972ರ ಆಗಸ್ಟ್ 15ರಂದು ಪಿನ್ ಜಾರಿಗೆ ತಂದ ಅಂಚೆ ಇಲಾಖೆ ಇದನ್ನೆಲ್ಲ ಲೆಕ್ಕ ಹಾಕಿರಲಿಕ್ಕಿಲ್ಲ, ಬಿಡಿ.

ಆರ್.ಟಿ. ನಗರದ 560032 ಇಲ್ಲಿ 20000424. ಹೆಬ್ಬಾಳದ 560024 ಎಂದರೆ 20000412. ಯಶವಂತಪುರದ 560022 ಮಾತ್ರ 20000410 ಎಂದು ಸೊನ್ನೆಯಲ್ಲಿ ಮುಗಿಯುತ್ತದೆ. ಅಂದರೆ ಅದು ಆರರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. 560087ಕ್ಕೆ 20000555 ತಲುಪಿ, 560088ಕ್ಕೆ ಲೆಕ್ಕ 20001000 ಎಂದು ಹೊರಳುತ್ತದೆ. ಹೆಸರಘಟ್ಟ ಹೋಬಳಿಯ ಶಿವಕೋಟೆಯಲ್ಲಿರುವ ಸೈದ್ಧಾಂತಿಕ ವಿಜ್ಞಾನ ಕೇಂದ್ರ ಐಸಿಟಿಎಸ್‌ನ ಪಿನ್ ಅದರ ಮುಂದಿನದು: 20001001.

ಇನ್ನು ಕಂಪ್ಯೂಟರಿನ ಎರಡರ ಲೆಕ್ಕ. 5,60,000 ಎಂಬ ಸಂಖ್ಯೆ 64ರಿಂದ ಸರಿಯಾಗಿ ಭಾಗವಾಗುತ್ತದೆ. ಹಾಗಾಗಿ ಯಲಹಂಕದ 560064 ಕೂಡ. 64 ಎಂದರೆ ಆರು ಎರಡುಗಳ ಗುಣಲಬ್ಧ. ಆದ್ದರಿಂದ ಎರಡರ ಲೆಕ್ಕದಲ್ಲಿ ಯಲಹಂಕದ ಪಿನ್ ಆರು ಸೊನ್ನೆಗಳಿಂದ ಕೊನೆಗೊಳ್ಳುತ್ತದೆ. ಆರ್.ಟಿ. ನಗರಕ್ಕೆ ಐದು, ಹೆಬ್ಬಾಳಕ್ಕೆ ಮೂರು. ಯಶವಂತಪುರಕ್ಕೆ ಒಂದೇ.