ಇಮೇಲ್ ಸರ್ವರಿಗೆ ಸಾಕ್ಷಿ ನುಡಿಯುವವರು

ಮಡಿಕೇರಿಗೆ ಸಮೀಪದ ಗಾಳಿಬೀಡು ಕಾಫಿ, ಏಲಕ್ಕಿ, ಕರಿಮೆಣಸುಗಳ ಊರು. ಈಚಿನ ವರ್ಷಗಳಲ್ಲಿ ಹೋಂಸ್ಟೇಗಳ ಊರೂ ಆಗಿದೆ. ಇಂಥ ಊರಿನ ತೋಟದ ಕಚೇರಿಯೊಂದು ತನ್ನ ಹೆಸರಿನದೇ ಇಮೇಲ್ ಸರ್ವರನ್ನು ಸ್ಥಾಪಿಸಿಕೊಂಡು, ವ್ಯಾಪಾರಿಗಳೊಡನೆ ದರದ ಮಾತುಕತೆಯನ್ನೂ ಬ್ಯಾಂಕಿನ ವಿವರಗಳನ್ನೂ ಅತಿಥಿಗಳ ಮುಂಗಡದ ಲೆಕ್ಕವನ್ನೂ ಅದರ ಮೂಲಕವೇ ನಡೆಸತೊಡಗಿದಾಗ, ಆ ಸರ್ವರಿಗೆ ಬೇಕಾದ ಭದ್ರತಾ ಪ್ರಮಾಣಪತ್ರವನ್ನು ಹಣ ತೆತ್ತು ಪಡೆಯಬೇಕೆ, ಅಥವಾ ಸರ್ವರು ತನಗೆ ತಾನೇ ಸಹಿ ಮಾಡಿಕೊಂಡ ಪ್ರಮಾಣಪತ್ರವೇ ಸಾಕೆ ಎಂಬ ಪ್ರಶ್ನೆ ಏಳುವುದು ಸಹಜ.

ಪ್ರಮಾಣಪತ್ರದ ಕಾರ್ಯ ಎರಡು ಬಗೆಯದು. ಸಂದೇಶವನ್ನು ದಾರಿಯಲ್ಲಿ ಅನ್ಯರು ಓದದಂತೆ ಗೂಢಲಿಪಿಗೆ ತಿರುಗಿಸಲು ನೆರವಾಗುವುದು ಮೊದಲನೆಯದು. 'ನೀವು ಮಾತನಾಡುತ್ತಿರುವುದು ನಿಮ್ಮ ಕಚೇರಿಯ ಸರ್ವರಿನೊಡನೆಯೇ' ಎಂದು ಭರವಸೆ ಕೊಡುವುದು ಎರಡನೆಯದು. ಮೊದಲನೆಯ ಕಾರ್ಯದಲ್ಲಿ ಹಣ ಕೊಟ್ಟು ತಂದದ್ದಕ್ಕೂ ಸ್ವಯಂ-ಸಹಿಯದಕ್ಕೂ ಎಳ್ಳಷ್ಟೂ ಭೇದವಿಲ್ಲ. 1977ರಲ್ಲಿ ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು ವಿದ್ವಾಂಸರು ರೂಪಿಸಿದ ಜೋಡಿ-ಕೀಲಿಯ ಗಣಿತವು ಬೆಲೆಪಟ್ಟಿಯನ್ನು ನೋಡಿ ಬಲಗೊಳ್ಳುವುದಿಲ್ಲ. ವ್ಯತ್ಯಾಸವೆಲ್ಲ ಎರಡನೆಯದರಲ್ಲಿದೆ. ಅಂಕಪಟ್ಟಿಯ ನಕಲಿಗೆ ಗೆಜೆಟೆಡ್ ಅಧಿಕಾರಿಯು ಮೂಲಪ್ರತಿಯನ್ನು ನೋಡಿ ಸಹಿ ಹಾಕುವುದಕ್ಕೂ ಅರ್ಜಿದಾರನು ತಾನೇ ಸಹಿ ಹಾಕಿಕೊಳ್ಳುವುದಕ್ಕೂ ಇರುವ ಅಂತರವೇ ಇಲ್ಲಿಯೂ ಇರುವುದು. ನಮ್ಮ ಸರ್ವರು ತನಗೆ ತಾನೇ ಸಾಕ್ಷಿ ಹೇಳಿಕೊಳ್ಳಬಲ್ಲುದಾದರೆ, ದಾರಿಯ ನಡುವೆ ಕುಳಿತ ವಂಚಕನೂ ಅದೇ ಹೆಸರಿನಲ್ಲಿ ಅಂಥದೇ ಪತ್ರವನ್ನು ಕ್ಷಣಾರ್ಧದಲ್ಲಿ ಸೃಷ್ಟಿಸಬಲ್ಲನು.

ಸ್ವಯಂ-ಸಹಿಯ ನಿಜವಾದ ಅಪಾಯ ಕಚೇರಿಯ ದಿನಚರಿಯಲ್ಲಿ ಅಡಗಿದೆ. ಹೊಸದಾಗಿ ಸೇರಿದ ಗುಮಾಸ್ತನು ತನ್ನ ಮೊಬೈಲಿನಲ್ಲಿ ಕಚೇರಿಯ ಇಮೇಲನ್ನು ಜೋಡಿಸುವಾಗ, ಸರ್ವರಿನ ಗುರುತನ್ನು ಪರಿಶೀಲಿಸಲಾಗಲಿಲ್ಲವೆಂಬ ಎಚ್ಚರಿಕೆ ಪರದೆಯ ಮೇಲೆ ಮೂಡುತ್ತದೆ. ಪಕ್ಕದಲ್ಲಿ ನಿಂತ ಹಿರಿಯರು, "ಅದು ಹಾಗೇ ಬರ್ತದೆ, ಮುಂದುವರಿಸು ಅಂತ ಒತ್ತಿಬಿಡಪ್ಪ" ಎನ್ನುತ್ತಾರೆ. ಆ ದಿನ ಅವನು ಕಲಿತದ್ದು ಎಚ್ಚರಿಕೆಯನ್ನು ಅಲಕ್ಷಿಸುವ ವಿದ್ಯೆಯನ್ನೇ. ಮುಂದೊಮ್ಮೆ ಹೋಟೆಲಿನ ವೈಫೈಯಲ್ಲಿ ನಿಜವಾದ ಮೋಸಗಾರನು ಎದುರಾದಾಗಲೂ ಅದೇ ಎಚ್ಚರಿಕೆ ಬರುತ್ತದೆ, ಅದೇ ಬೆರಳು ಅದೇ ಗುಂಡಿಯನ್ನು ಒತ್ತುತ್ತದೆ, ಪಾಸ್‌ವರ್ಡು ಪರರ ಪಾಲಾಗುತ್ತದೆ. ಸ್ವಯಂ-ಸಹಿಯ ಪತ್ರವನ್ನು ನಾನು ಕಚೇರಿಯ ಇಮೇಲಿಗೆ ಒಪ್ಪದಿರುವುದು ಮುಖ್ಯವಾಗಿ ಈ ಕಾರಣದಿಂದ.

ಅಂಥ ಪತ್ರವಿದ್ದರೂ ಹೊರಗಿನ ಅಂಚೆ ತಡೆಯಿಲ್ಲದೆ ಬಂದು ಹೋಗುವುದರಿಂದ ಅನೇಕರು ನಿಶ್ಚಿಂತರಾಗಿರುವುದುಂಟು. ಸರ್ವರಿನಿಂದ ಸರ್ವರಿಗೆ ಅಂಚೆ ಸಾಗುವಾಗ ಬಹುಮಟ್ಟಿಗೆ ಪ್ರಮಾಣಪತ್ರವನ್ನು ಯಾರೂ ಪರೀಕ್ಷಿಸದಿರುವುದೇ ಅದಕ್ಕೆ ಕಾರಣ. 2018ರಲ್ಲಿ ರೂಪುಗೊಂಡ ಎಂಟಿಎ-ಎಸ್‌ಟಿಎಸ್ ಎಂಬ ನಿಯಮವನ್ನು ಕಚೇರಿಯು ಅಂಗೀಕರಿಸಿತೆಂದರೆ ಮಾತ್ರ, ಆ ನಿಯಮವನ್ನು ಪಾಲಿಸುವ ಸರ್ವರುಗಳು ಮಾನ್ಯ ಸಾಕ್ಷಿಯಿಲ್ಲದೆ ಅಂಚೆಯನ್ನು ಒಪ್ಪಿಸುವುದಿಲ್ಲ.

ಹಾಗೆಂದು ಪ್ರಮಾಣಪತ್ರ ಕೊಟ್ಟು ಸಾಕ್ಷಿ ನುಡಿಯುವ ಸಂಸ್ಥೆಗಳು ತಪ್ಪಿಗೆ ಅತೀತವಾದುವೇನಲ್ಲ. 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯು ನಮ್ಮ ದೇಶದಲ್ಲಿ ಇಂಥ ಸಂಸ್ಥೆಗಳಿಗೆ ಲೈಸೆನ್ಸು ಕೊಡುವ ನಿಯಂತ್ರಕರ ಹುದ್ದೆಯನ್ನು ನಿರ್ಮಿಸಿತು. ಬೆಂಗಳೂರಿನ ಇಮುದ್ರಾ ಅಂಥ ಲೈಸೆನ್ಸು ಪಡೆದ ಸಂಸ್ಥೆಗಳಲ್ಲೊಂದು. 2014ರ ಜುಲೈನಲ್ಲಿ, ಆ ನಿಯಂತ್ರಕರ ಅಧೀನದಲ್ಲಿದ್ದ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ವ್ಯವಸ್ಥೆಯಿಂದ ಗೂಗಲ್‌ನ ಹೆಸರಿಗೇ ಅನಧಿಕೃತ ಪ್ರಮಾಣಪತ್ರಗಳು ಹೊರಬಿದ್ದುವು. ಅದು ಪತ್ತೆಯಾದೊಡನೆ ಪ್ರಮಾಣಪತ್ರ ನೀಡಲು ಕೇಂದ್ರಕ್ಕಿದ್ದ ಅಧಿಕಾರಪತ್ರಗಳನ್ನು ರದ್ದುಪಡಿಸಬೇಕಾಯಿತು. 2011ರಲ್ಲಿ ಹಾಲೆಂಡಿನ ಡಿಜಿನೋಟಾರ್ ಎಂಬ ಸಂಸ್ಥೆಯೊಳಕ್ಕೆ ಕನ್ನಗಳ್ಳರು ನುಗ್ಗಿದ ಮೇಲೆ ಆ ಸಂಸ್ಥೆ ದಿವಾಳಿಯೇ ಎದ್ದಿತು. ಆದರೂ ಇವರ ತಪ್ಪು ಹೊರಗಿನವರ ಕಣ್ಣಿಗೆ ಬೀಳುತ್ತದೆ, ಶಿಕ್ಷೆಯೂ ಆಗುತ್ತದೆ. ಸ್ವಯಂ-ಸಹಿಯ ಪತ್ರದ ಮೇಲೆ ಅಂಥ ಕಾವಲಿಲ್ಲ.

ಹಣದ ಮಾತನ್ನು ಬೇಗ ಮುಗಿಸಬಹುದು. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಲಾಭರಹಿತ ಸೇವೆ 2015ರ ಡಿಸೆಂಬರಿನಿಂದ ಸಾರ್ವಜನಿಕರಿಗೆ ಉಚಿತವಾಗಿ ಪ್ರಮಾಣಪತ್ರವನ್ನು ಕೊಡುತ್ತ ಬಂದಿದೆ. ಹೆಚ್ಚು ಹಣ ತೆತ್ತರೆ ಪತ್ರದೊಳಗೆ ಕಂಪನಿಯ ಹೆಸರೂ ಪರಿಶೀಲಿತವಾಗಿ ಸೇರುವುದು ನಿಜ. ಆದರೆ ಇಮೇಲ್ ತಂತ್ರಾಂಶ ಅದನ್ನು ಓದುಗನ ಎದುರಿಗೆ ತೋರಿಸುವುದೇ ಇಲ್ಲ. ಸಣ್ಣ ಕಚೇರಿಗೆ ಉಚಿತವಾದುದೇ ಧಾರಾಳವಾಗಿ ಸಾಕು.

ಈ ಉಚಿತ ಪತ್ರದ ಅವಧಿ 90 ದಿನಗಳಷ್ಟೇ ಆಗಿ ಬಂದಿರುವುದನ್ನು ಕಂಡು, ಮಳೆಗಾಲದಲ್ಲಿ ದಿನಗಟ್ಟಲೆ ವಿದ್ಯುತ್ತೂ ಸಂಪರ್ಕವೂ ಕಡಿದುಹೋಗುವ ಕೊಡಗಿನವರು ಅಳುಕುವುದು ಅರ್ಥವಾಗುವಂಥದೇ. 2018ರ ಆಗಸ್ಟಿನ ಭೂಕುಸಿತದಲ್ಲಿ ಮಡಿಕೇರಿಯ ಸುತ್ತಿನ ದಾರಿಗಳೇ ಮುಚ್ಚಿಹೋಗಿದ್ದುವಷ್ಟೆ. ಆದರೆ ನವೀಕರಣದ ತಂತ್ರಾಂಶವು ಸಾಮಾನ್ಯವಾಗಿ ಅವಧಿ ಮುಗಿಯುವ 30 ದಿನ ಮೊದಲಿನಿಂದಲೇ ತಾನಾಗಿ ಯತ್ನಿಸುತ್ತಿರುವುದರಿಂದ ವಾರದ ಕತ್ತಲೆ ಅದನ್ನು ಕೆಡಿಸಲಾರದು. ಹಣ ಕೊಟ್ಟು ತರುವ ಪತ್ರಗಳ ಆಯುಸ್ಸೂ ಕ್ಷೀಣಿಸುತ್ತಿದೆ: ಪ್ರಮಾಣಪತ್ರ ಕೊಡುವ ಸಂಸ್ಥೆಗಳೂ ಬ್ರೌಸರ್ ತಯಾರಕರೂ ಸೇರಿದ ಜಾಗತಿಕ ಒಕ್ಕೂಟವು 2025ರಲ್ಲಿ ಕೈಗೊಂಡ ತೀರ್ಮಾನದಂತೆ, 2029ರ ಮಾರ್ಚ್ 15ರಿಂದ ಯಾವ ಪತ್ರವೂ 47 ದಿನಕ್ಕಿಂತ ಹೆಚ್ಚು ಕಾಲದ್ದಾಗಿರಕೂಡದು. ಕೈಯಾರೆ ನವೀಕರಿಸುವ ಅಭ್ಯಾಸ ಅಲ್ಲಿಗೆ ಯಾರಿಗೂ ಉಳಿಯದು.

ಇಲ್ಲಿ ಒಂದು ಸಂಗತಿಯನ್ನು ಮಾತ್ರ ನೆನಪಿನಲ್ಲಿಡಬೇಕು. ಹೊಸ ಪತ್ರ ಡಿಸ್ಕಿನ ಮೇಲೆ ಬಂದು ಕುಳಿತರೂ, ಅಂಚೆಪೆಟ್ಟಿಗೆಯನ್ನು ಕಾಯುವ ಡವ್‌ಕಾಟ್‌ನಂಥ ತಂತ್ರಾಂಶವು ಮರುಲೋಡ್ ಆಗುವತನಕ ಹಳೆಯದನ್ನೇ ತೋರಿಸುತ್ತಿರುತ್ತದೆ. ಆದುದರಿಂದ ನವೀಕರಣದ ಆದೇಶದ ಬೆನ್ನಿಗೇ ಮರುಲೋಡಿನ ಆದೇಶವನ್ನೂ ಜೋಡಿಸಿ, ಸರ್ವರು ಈಗ ತೋರುತ್ತಿರುವ ಪತ್ರದ ಮುಕ್ತಾಯದ ದಿನಾಂಕವನ್ನು ಹೊರಗಿನ ಬೇರೊಂದು ಕಂಪ್ಯೂಟರಿನಿಂದ ನೋಡಿ ಖಚಿತಪಡಿಸಿಕೊಳ್ಳತಕ್ಕದ್ದು.